ನೆರೆ ಇಳಿದ ಮೇಲೂ ಇಳಿಯದ ಭಯ

(ನಂಜನಗೂಡು ಮತ್ತು ತಿ. ನರಸೀಪುರ ತಾಲೂಕುಗಳ ಸ್ವಯಂಸೇವಕರು, ಶಿಕ್ಷಕರು ಹಾಗೂ ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಪಿಲೆ ಉಕ್ಕಿ ಊರೊಳಗೆ ನುಗ್ಗಿದಾಗ ಏನೇನನ್ನು ಲೆಕ್ಕ ಹಾಕಬೇಕೆಂಬುದು ನಮ್ಮ ಆಡಳಿತಕ್ಕೆ ಚೆನ್ನಾಗಿ ಗೊತ್ತಿದೆ. ಬಿದ್ದ ಗೋಡೆಗಳೆಷ್ಟು, ಕೊಚ್ಚಿಹೋದ ಆಡುಕುರಿಗಳೆಷ್ಟು, ನೀರು ಕುಡಿದ ಭತ್ತದ ಗದ್ದೆಗಳೆಷ್ಟು ಎಂದು ಗ್ರಾಮ ಲೆಕ್ಕಿಗರು ಬಂದು ಬರೆದುಕೊಳ್ಳುತ್ತಾರೆ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಬಿನಿಯಿಂದ ಬಿಟ್ಟ ನೀರು ನಂಜನಗೂಡಿನ ಹಳ್ಳದಕೇರಿ, ತೋಪಿನಬೀದಿಗಳಂತಹ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಹದಿನಾರು ಕಾಲು ಮಂಟಪ ಮುಳುಗಿತು, ಊಟಿ ರಸ್ತೆ ಬಂದಾಯಿತು. 2024ರಲ್ಲಿ ಮತ್ತೆ ನೀರು ಬಂತು. 2019ರ ನೆರೆಯ ಬಳಿಕ ರಾಜ್ಯ ಸರಕಾರವು ಕುಟುಂಬಕ್ಕೆ ತಕ್ಷಣದ ನೆರವಾಗಿ 10,000 ರೂಪಾಯಿ, ಪೂರ್ಣವಾಗಿ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅದು ಎಷ್ಟು ಮಂದಿಗೆ ತಲುಪಿತು, ಎಷ್ಟು ಮಂದಿ ಕಚೇರಿಯಿಂದ ಕಚೇರಿಗೆ ಅಲೆದರು ಎಂಬ ಪ್ರಶ್ನೆ ಬೇರೆಯೇ ಇದೆ. ಅದನ್ನು ಇಂದು ಬದಿಗಿಡೋಣ. ಇಂದಿನ ಮಾತು ಆ ಪಟ್ಟಿಯಲ್ಲಿ ಕಾಲಂ ಇಲ್ಲದ ನಷ್ಟವೊಂದರ ಕುರಿತಾದುದು.

ನೀರು ಇಳಿದು ವರ್ಷ ಕಳೆದರೂ ಮಳೆಯ ಸದ್ದಿಗೆ ಎದ್ದು ಕುಳಿತು ಬೆಳಗಿನವರೆಗೆ ಕಣ್ಣು ಮುಚ್ಚದವರು ನಮ್ಮ ನಡುವೆ ಇದ್ದಾರೆ. ತಿ. ನರಸೀಪುರ ತಾಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗಿನ ಮೂರು ತಿಂಗಳೊಳಗೆ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬರು ವೃದ್ಧೆ, ಇನ್ನೊಬ್ಬ 11 ವರ್ಷದ ಬಾಲಕ. ಕೊನೆಯ ಎರಡು ಸಾವುಗಳು ಒಂದೆರಡು ದಿನಗಳ ಅಂತರದಲ್ಲೇ ಸಂಭವಿಸಿದವು. ಅದೇ ವರ್ಷದ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹೆಡಿಯಾಲದ ಕಾಡಂಚಿನಲ್ಲಿ ಮೇಕೆ ಮೇಯಿಸುತ್ತಿದ್ದ ಮಹಿಳೆಯೊಬ್ಬರನ್ನು ಹುಲಿ ಕೊಂದಿತು. ಅದಕ್ಕೂ ಮುಂಚೆ, ಮೇ 29ರಂದು, ಕೊಳ್ಳೇಗಾಲ ರಸ್ತೆಯಲ್ಲಿ ಕುರುಬೂರಿನ ಸಮೀಪ ಖಾಸಗಿ ಬಸ್ಸು ಮತ್ತು ಕಾರು ಮುಖಾಮುಖಿಯಾಗಿ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಇಂತಹ ಜಾಗಕ್ಕೆ ಆಂಬುಲೆನ್ಸಿಗಿಂತ ಮೊದಲು ಓಡಿಬರುವವರು ಪಕ್ಕದ ಹೊಲದಲ್ಲಿ ಕೆಲಸ ಮಾಡುವವರೇ. ಅವರು ಕಂಡದ್ದನ್ನು ಅವರಿಂದ ಯಾರು ಕೇಳುತ್ತಾರೆ?

ಕೇಳಬೇಕು ಎಂಬುದು ಇಂದಿನ ಮಾತಿನ ಅರ್ಧಭಾಗ. ಹೇಗೆ ಕೇಳಬೇಕು, ಕೇಳಿದ ಮೇಲೆ ಏನು ಮಾಡಬೇಕು ಎಂಬುದು ಉಳಿದರ್ಧ. ಎರಡನೆಯದಿಲ್ಲದೆ ಮೊದಲನೆಯದು ಹಾನಿಯನ್ನೇ ಮಾಡೀತು.

ವೈದ್ಯಕೀಯವು ಇದನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಕರೆಯುತ್ತದೆ. ಈ ಹೆಸರು ಅಮೆರಿಕದ ಮನೋವೈದ್ಯರ ರೋಗಪಟ್ಟಿಯನ್ನು ಸೇರಿದ್ದು 1980ರಲ್ಲಿ, ಬಹುಮಟ್ಟಿಗೆ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ನಿಮಿತ್ತ. ಆದರೆ ಕಾಯಿಲೆ ಸೈನಿಕರದ್ದು ಮಾತ್ರವಲ್ಲ. ಸಾವಿನ ಅಂಚನ್ನು ತಾನೇ ಮುಟ್ಟಿ ಬಂದವನು, ಇನ್ನೊಬ್ಬರಿಗೆ ಹಾಗಾದುದನ್ನು ಕಣ್ಣಾರೆ ಕಂಡವನು, ತನ್ನವರು ಹಿಂಸೆಯಿಂದಲೋ ಅಪಘಾತದಿಂದಲೋ ಸತ್ತ ಸುದ್ದಿ ಕೇಳಿದವನು, ಇವರೆಲ್ಲರಿಗೂ ಅದು ಬರಬಹುದು. ಬಂದೇ ಬರುತ್ತದೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 70 ಶೇಕಡಾ ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಇಂತಹ ಆಘಾತಕ್ಕೆ ಒಳಗಾಗುತ್ತಾರೆ. ಅವರಲ್ಲಿ ಈ ಕಾಯಿಲೆಗೆ ತುತ್ತಾಗುವವರು 5.6 ಶೇಕಡಾ ಮಾತ್ರ. ಕಾಯಿಲೆ ಬಂದವರಲ್ಲಿಯೂ 40 ಶೇಕಡಾದವರೆಗೆ ಜನ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ಆದುದರಿಂದ ದುರಂತ ನಡೆದ ಊರಿನವರೆಲ್ಲ ಮಾನಸಿಕ ರೋಗಿಗಳೆಂದು ಭಾವಿಸುವುದು ಅಜ್ಞಾನ ಮಾತ್ರವಲ್ಲ, ಆ ಜನರಿಗೆ ಮಾಡುವ ಅವಮಾನ ಕೂಡ. ದುಃಖ ರೋಗವಲ್ಲ. ಮೊದಲ ವಾರಗಳ ನಿದ್ರೆಗೇಡು, ನಡುಕ, ಅಳು ಇವೆಲ್ಲ ಮನುಷ್ಯ ಸಹಜ. ಲಕ್ಷಣಗಳು ಒಂದು ತಿಂಗಳು ದಾಟಿಯೂ ನಿಂತು ಬದುಕನ್ನು ಕೆಡಿಸಿದಾಗ ಮಾತ್ರ ಈ ಹೆಸರನ್ನು ಬಳಸಲಾಗುತ್ತದೆ.

ಹಾಗಾದರೆ ಸಾವಿರ ಮಂದಿಯ ನಡುವೆ ಆ ಕೆಲವರನ್ನು ಗುರುತಿಸುವುದು ಹೇಗೆ? ತಜ್ಞರು ನಡೆಸುವ ಪೂರ್ಣ ಸಂದರ್ಶನವೊಂದಿದೆ. ಕ್ಯಾಪ್ಸ್-5 ಎಂದು ಅದರ ಹೆಸರು. 30 ಅಂಶಗಳು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ತರಬೇತಿ ಪಡೆದವರೇ ಕೇಳಬೇಕು. ನಮ್ಮ ತಾಲೂಕುಗಳಲ್ಲಿ ಮನೆಮನೆಗೆ ಹೋಗಿ ಅದನ್ನು ನಡೆಸಲು ತಜ್ಞರೆಲ್ಲಿ? ಆದುದರಿಂದಲೇ ಸಣ್ಣ ಪ್ರಶ್ನಾವಳಿಗಳು ಹುಟ್ಟಿಕೊಂಡವು. ಅವುಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಐದೇ ಪ್ರಶ್ನೆಗಳದ್ದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ರೂಪುಗೊಂಡ ಇದನ್ನು ಪಿಸಿ-ಪಿಟಿಎಸ್‌ಡಿ-5 ಎನ್ನುತ್ತಾರೆ. ಮೊದಲು, ಅಂತಹ ಘಟನೆ ಬದುಕಿನಲ್ಲಿ ನಡೆದಿದೆಯೇ ಎಂದು ಕೇಳಲಾಗುತ್ತದೆ. ಇಲ್ಲವೆಂದರೆ ಅಲ್ಲಿಗೆ ಮುಗಿಯಿತು. ಹೌದೆಂದರೆ, ಕಳೆದ ಒಂದು ತಿಂಗಳ ಬಗ್ಗೆ ಐದು ಸಂಗತಿಗಳನ್ನು ವಿಚಾರಿಸಬೇಕು: ಕೆಟ್ಟ ಕನಸು ಬೀಳುತ್ತಿದೆಯೇ ಅಥವಾ ಬೇಡವೆಂದರೂ ಅದೇ ನೆನಪು ನುಗ್ಗುತ್ತಿದೆಯೇ, ಆ ನೆನಪನ್ನೂ ಅದನ್ನು ತರುವ ಜಾಗಗಳನ್ನೂ ಕಷ್ಟಪಟ್ಟು ತಪ್ಪಿಸುತ್ತಿದ್ದಾರೆಯೇ, ಸದಾ ಎಚ್ಚರದಿಂದಿದ್ದು ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತಾರೆಯೇ, ಮನಸ್ಸು ಮರಗಟ್ಟಿದಂತೆ, ಜನರಿಂದ ಕಳಚಿಕೊಂಡಂತೆ ಆಗಿದೆಯೇ, ನಡೆದುದಕ್ಕೆ ತನ್ನನ್ನೋ ಇತರರನ್ನೋ ದೂರುತ್ತಲೇ ಇದ್ದಾರೆಯೇ. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಐದು ನಿಮಿಷವೂ ಬೇಡ.

ಎಷ್ಟು 'ಹೌದು' ಬಂದರೆ ಮುಂದಕ್ಕೆ ಕಳುಹಿಸಬೇಕು? 2016ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ, ಮೂರು ಎಂದಿಟ್ಟುಕೊಂಡರೆ ಕಾಯಿಲೆಯುಳ್ಳವರಲ್ಲಿ ತಪ್ಪಿಹೋಗುವವರು ಬಹಳ ಕಡಿಮೆಯೆಂದು ಕಂಡುಬಂತು. 2021ರ ಇನ್ನೊಂದು ಅಧ್ಯಯನ ಒಟ್ಟಾರೆ ನಾಲ್ಕನ್ನು ಸೂಚಿಸಿದರೂ, ಮಹಿಳೆಯರ ವಿಷಯದಲ್ಲಿ ನಾಲ್ಕು ಎಂದಿಟ್ಟರೆ ತೀರ ಹೆಚ್ಚು ಮಂದಿ ಕೈತಪ್ಪುತ್ತಾರೆಂದು ತೋರಿಸಿತು. ಎರಡೂ ಅಧ್ಯಯನಗಳು ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದವು ಎಂಬುದನ್ನು ಮರೆಯಬಾರದು. ಆದರೂ ನಮ್ಮ ಪಾಲಿಗೆ ಇದರಲ್ಲೊಂದು ಎಚ್ಚರಿಕೆಯಿದೆ. ಮನೆಯ ಹೆಣ್ಣುಮಕ್ಕಳು ಮೂರಕ್ಕೆ ಹೌದೆಂದರೆ ಅದನ್ನು ಕಡಿಮೆಯೆಂದು ತಳ್ಳಿಹಾಕುವಂತಿಲ್ಲ.

ಈ ಐದು ಪ್ರಶ್ನೆಗಳು ಒಂದು ಜರಡಿ. ಜರಡಿಯಲ್ಲಿ ಉಳಿದುದೆಲ್ಲ ಕಲ್ಲಲ್ಲ, ಇಳಿದುದೆಲ್ಲ ಅಕ್ಕಿಯೂ ಅಲ್ಲ. ಲೆಕ್ಕ ತಿಳಿಯಲೆಂದು ಒಂದು ಊಹೆ ಮಾಡಿಕೊಳ್ಳೋಣ. ಒಂದು ಊರಿನಲ್ಲಿ ಸಾವಿರ ವಯಸ್ಕರಿದ್ದಾರೆ, ಅವರಲ್ಲಿ 60 ಮಂದಿಗೆ ನಿಜವಾಗಿ ಕಾಯಿಲೆಯಿದೆ ಎನ್ನಿ. ಜರಡಿ ನೂರಕ್ಕೆ 90ರಂತೆ ಅವರಲ್ಲಿ 54 ಮಂದಿಯನ್ನು ಹಿಡಿಯುತ್ತದೆ. ಆರು ಮಂದಿ ಜಾರಿಹೋಗುತ್ತಾರೆ. ಕಾಯಿಲೆಯಿಲ್ಲದ 940 ಮಂದಿಯಲ್ಲಿ ನೂರಕ್ಕೆ 85 ಮಂದಿಯನ್ನು ಅದು ಸರಿಯಾಗಿ ಬಿಟ್ಟುಬಿಟ್ಟರೂ 141 ಮಂದಿ ಸಿಕ್ಕಿಬೀಳುತ್ತಾರೆ. ಅಂದರೆ ನಮ್ಮ ಪುಸ್ತಕದಲ್ಲಿ 195 ಹೆಸರುಗಳು. ಅವುಗಳಲ್ಲಿ ನಿಜವಾದವು ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಆ 195 ಮಂದಿಗೂ 'ನಿಮಗೆ ಮನೋರೋಗವಿದೆ' ಎಂದು ಹೇಳಿಬಿಡುವ ಸ್ವಯಂಸೇವಕನು ಒಂದೇ ದಿನದಲ್ಲಿ 141 ಮನೆಗಳಿಗೆ ಸುಳ್ಳು ಹೇಳಿದಂತಾಯಿತು. ಹಾಗೆಂದು ಆ 141 ಮಂದಿಯ 'ಹೌದು' ವ್ಯರ್ಥವಲ್ಲ. ಅವರಲ್ಲಿ ಖಿನ್ನತೆಯವರಿರಬಹುದು, ಗಂಡನ ಕುಡಿತದಿಂದ ನಲುಗಿದವರಿರಬಹುದು, ಸಾಲದ ಹೊರೆಯಿಂದ ನಿದ್ರೆ ಹೋದವರಿರಬಹುದು. ಅವರಿಗೂ ಒಂದು ಕಿವಿ ಬೇಕಾಗಿದೆ. ಆದರೆ ರೋಗದ ಹೆಸರನ್ನು ಹೇಳುವ ಹಕ್ಕು ಜರಡಿ ಹಿಡಿದವನಿಗಿಲ್ಲ. ಅದು ವೈದ್ಯರ ಕೆಲಸ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿಯೂ 'ಮಿನಿ' ಎಂಬ ಕಿರು ಸಂದರ್ಶನವನ್ನೇ ಬಳಸಲಾಯಿತು. ಹನ್ನೆರಡು ರಾಜ್ಯಗಳ ಆ ಸಮೀಕ್ಷೆಯಲ್ಲಿ ಈ ಕಾಯಿಲೆ ಕಂಡುಬಂದುದು ಸುಮಾರು 0.2 ಶೇಕಡಾ ವಯಸ್ಕರಲ್ಲಿ ಮಾತ್ರ. ಇದು ನಮ್ಮ ಜನರ ಮನಸ್ಸಿನ ಗಟ್ಟಿತನಕ್ಕೆ ಸಾಕ್ಷಿಯೇ, ಅಥವಾ ಬಾಗಿಲಿಗೆ ಬಂದ ಅಪರಿಚಿತರ ಮುಂದೆ ಜನ ಬಾಯಿ ಬಿಡಲಿಲ್ಲವೇ? ಎರಡಕ್ಕೂ ಅವಕಾಶವಿದೆ. ಚಿಕಿತ್ಸೆ ಬೇಕಾದವರಲ್ಲಿ ಅದು ಸಿಗದವರ ಪ್ರಮಾಣ ಬೇರೆಬೇರೆ ಮಾನಸಿಕ ಕಾಯಿಲೆಗಳಲ್ಲಿ 70ರಿಂದ 92 ಶೇಕಡಾದಷ್ಟಿದೆ ಎಂದು ಅದೇ ಸಮೀಕ್ಷೆ ಹೇಳಿದೆ. ಆ ಅಂಕಿಯ ಬಗ್ಗೆ ಮಾತ್ರ ನಮಗೆ ಅನುಮಾನ ಬಾರದು.

ಬಾಗಿಲ ಬಳಿ ಏನಾಗುತ್ತದೆ ಎಂಬುದನ್ನು ತುಸು ವಿವರವಾಗಿ ನೋಡೋಣ, ಏಕೆಂದರೆ ಪ್ರಶ್ನಾವಳಿ ಸೋಲುವುದು ಅಲ್ಲಿಯೇ.

'ಆ ಘಟನೆಯನ್ನು ನೆನಪಿಸುವ ಸನ್ನಿವೇಶಗಳಿಂದ ದೂರವಿರಲು ಪ್ರಯತ್ನಿಸುತ್ತೀರಾ' ಎಂದು ಚಿರತೆ ಓಡಾಡುವ ಊರಿನ ರೈತ ಮಹಿಳೆಯನ್ನು ಕೇಳಿ ನೋಡಿ. ಆಕೆ ಸಂಜೆಯಾದ ಮೇಲೆ ಕಬ್ಬಿನ ಗದ್ದೆಯ ಕಡೆ ಹೋಗುವುದಿಲ್ಲ. ಉತ್ತರ 'ಹೌದು'. ಸದಾ ಎಚ್ಚರದಿಂದಿದ್ದೀರಾ? ಅದಕ್ಕೂ 'ಹೌದು'. ಆದರೆ ಇದು ರೋಗವೇ? ಕಬ್ಬಿನಲ್ಲಿ ಚಿರತೆ ಮರಿ ಹಾಕುತ್ತಿರುವಾಗ ಎಚ್ಚರದಿಂದಿರುವುದನ್ನು ವಿವೇಕವೆನ್ನಬೇಕು. ಪ್ರಶ್ನೆ ಸಿದ್ಧಪಡಿಸಿದವರು ಅಪಾಯ ಮುಗಿದ ನಂತರವೂ ಮುಂದುವರಿಯುವ ಭಯವನ್ನು ಅಳೆಯಲು ಹೊರಟಿದ್ದರು. ನಮ್ಮಲ್ಲಿ ಅಪಾಯ ಮುಗಿದೇ ಇಲ್ಲ. ಆಗಸ್ಟ್ ಬಂದರೆ ಕಪಿಲೆ ಮತ್ತೆ ಬರುತ್ತಾಳೆ. ಇಂತಹ ಕಡೆ ಕೇಳುವವನು ಮತ್ತೊಂದು ಮಾತನ್ನು ಸೇರಿಸಿಕೊಳ್ಳಬೇಕು: ಹಗಲಿನಲ್ಲಿ, ಜನರ ಜೊತೆಯಲ್ಲಿರುವಾಗಲೂ ಹೀಗಾಗುತ್ತದೆಯೇ? ಮನೆಯೊಳಗೆ ಬಾಗಿಲು ಹಾಕಿಕೊಂಡ ಮೇಲೂ ಎದೆ ಡವಡವ ಎನ್ನುತ್ತದೆಯೇ? ಅಂಕಕ್ಕೆ ಇದು ಸೇರದು, ಆದರೆ ಮುಂದಕ್ಕೆ ಕಳುಹಿಸುವಾಗ ಬರೆದುಕೊಟ್ಟರೆ ವೈದ್ಯರಿಗೆ ಉಪಯೋಗವಾದೀತು. ಅಂದ ಹಾಗೆ, ಭಯದ ಒಂದು ಭಾಗಕ್ಕೆ ಮದ್ದು ಅರಣ್ಯ ಇಲಾಖೆಯ ಬಳಿಯಿದೆಯೇ ಹೊರತು ಮನೋವೈದ್ಯರ ಬಳಿಯಲ್ಲ. ಆ ಸರಣಿ ಸಾವುಗಳ ದಿನಗಳಲ್ಲಿ ಪರಿಹಾರಧನವನ್ನು 15 ಲಕ್ಷಕ್ಕೆ ಏರಿಸಲಾಯಿತು, ಚಿರತೆ ಕಾರ್ಯಪಡೆ ರಚನೆಯಾಯಿತು. ಊರಿಗೆ ಬೀದಿದೀಪ ಬಂತೇ, ಶಾಲೆಯಲ್ಲಿ ಶೌಚಾಲಯ ಕಟ್ಟಡದ ಒಳಗಿದೆಯೇ ಎಂಬುದನ್ನೂ ನಾವು ಕೇಳಬೇಕಲ್ಲವೇ?

ನಮ್ಮ ಸಮುದಾಯದ ಮನೆಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ. ಗಂಡನನ್ನು ಕಳಕೊಂಡ ಮಹಿಳೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿರುತ್ತಾಳೆ. ಹೊರಗೆ ಹೋಗುವುದಿಲ್ಲ, ಸಮಾರಂಭಗಳಿಗೆ ಬರುವುದಿಲ್ಲ. ಇದನ್ನರಿಯದ ಸಮೀಕ್ಷಕ 'ಜನರಿಂದ ದೂರ ಸರಿದಿದ್ದಾಳೆ' ಎಂದು ಗುರುತು ಹಾಕಿಯಾನು. ಅರಿತವನೋ, 'ಇದ್ದತ್ ಅಲ್ಲವೇ, ಎಲ್ಲರೂ ಹೀಗೆಯೇ' ಎಂದು ಆಕೆಯ ನಿಜವಾದ ಸಂಕಟವನ್ನೇ ದಾಟಿಹೋದಾನು. ಮಗುವನ್ನು ಎತ್ತಿಕೊಂಡಾಗಲೂ ಮನಸ್ಸು ಮರಗಟ್ಟಿದಂತಿದೆಯೇ ಎಂದು ಒಬ್ಬ ಮಹಿಳೆ ಮಾತ್ರ ಆಕೆಯನ್ನು ಕೇಳಬಲ್ಲಳು. ಅದೂ ಅತ್ತೆ ಪಕ್ಕದಲ್ಲಿ ಕುಳಿತಿಲ್ಲದಾಗ. ಕೇಳುವುದು ಆಕೆ ಮನೆಯಲ್ಲಾಡುವ ದಕ್ಕನಿ ಉರ್ದುವಿನಲ್ಲಾದರೆ ಮತ್ತೂ ಒಳ್ಳೆಯದು.

ಹಾಗೆಯೇ 'ಸಬರ್'. ಹೇಗಿದ್ದೀರಿ ಎಂದರೆ 'ಅಲ್ಲಾಹನು ಇಟ್ಟಂತೆ ಇದ್ದೇವೆ' ಎಂಬ ಉತ್ತರ ಬರುತ್ತದೆ. ನೆರೆಮನೆಯ ಹಿಂದೂ ತಾಯಿ 'ನಂಜುಂಡಪ್ಪ ನಡೆಸ್ದಂಗೆ' ಎನ್ನುತ್ತಾಳೆ. ಎರಡೂ ಉತ್ತರಗಳ ಹಿಂದೆ ಒಂದೇ ಸಂಕೋಚವಿದೆ: ದೂರು ಹೇಳಿಕೊಂಡರೆ ನಂಬಿಕೆ ಸಡಿಲವಾಯಿತೆಂದು ಜನ ತಿಳಿದಾರು. ಸಹನೆಯೆಂದರೆ ನೋವನ್ನು ಬಚ್ಚಿಡುವುದಲ್ಲ. ಮಗ ಯೂಸುಫರನ್ನು ಕಳೆದುಕೊಂಡ ಪ್ರವಾದಿ ಯಾಕೂಬರು ದುಃಖದಿಂದ ದೃಷ್ಟಿಯನ್ನೇ ಕಳೆದುಕೊಂಡರೆಂಬುದನ್ನು ಓದುವ ನಾವು, ಅಳುವ ತಾಯಿಗೆ 'ಸಬರ್ ಮಾಡು' ಎಂದು ಹೇಳಿ ಎದ್ದುಬರುವುದು ಎಷ್ಟು ಸರಿ?

ದೇಹದ ಮಾತು ಇನ್ನೂ ಬೇರೆ. ನಮ್ಮವರು 'ಭಯವಾಗುತ್ತಿದೆ' ಎಂದು ಹೇಳುವುದು ಕಡಿಮೆ. ತಲೆ ಸಿಡಿಯುತ್ತದೆ, ಎದೆ ಉರಿ, ಕೈಕಾಲು ಸೋತುಹೋಗಿದೆ ಎನ್ನುತ್ತಾರೆ. ಮೊದಲು ಮೆಡಿಕಲ್ ಸ್ಟೋರಿನ ಮಾತ್ರೆ, ಆಮೇಲೆ 'ಗಾಳಿ ಸೋಕಿದೆ' ಎಂದು ತಾಯಿತ, ಮಂತ್ರ, ಸಾವಿರಾರು ರೂಪಾಯಿ ಖರ್ಚು. ಊರಿಗೆ ಗುಣಪಡಿಸುವ ಊರೆಂಬ ಹಳೆಯ ಕೀರ್ತಿಯೂ ಇದೆ. ಟಿಪ್ಪು ಸುಲ್ತಾನರ ಆನೆಯ ಕಣ್ಣು ವಾಸಿಯಾಯಿತೆಂದೂ, ಅವರು ಇಲ್ಲಿನ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದರೆಂದೂ ಐತಿಹ್ಯ. ಜನರ ಶ್ರದ್ಧೆಯನ್ನು ಹೀಗಳೆಯುವ ಅಗತ್ಯವಿಲ್ಲ. ಆದರೆ ಭಯವನ್ನು ಬಂಡವಾಳ ಮಾಡಿಕೊಂಡವನು, ಅವನು ಯಾವ ಧರ್ಮದ ವೇಷದಲ್ಲಿದ್ದರೂ, ರೋಗಿಯನ್ನು ವೈದ್ಯರಿಂದ ತಿಂಗಳುಗಟ್ಟಲೆ ದೂರವಿಡುತ್ತಾನೆ. ಅದನ್ನು ಹೇಳಲು ಹಿಂಜರಿಯಬಾರದು.

ಪ್ರಶ್ನೆಯ ಭಾಷೆಯೂ ಊರಿನದ್ದೇ ಆಗಬೇಕು. 'ಅನಪೇಕ್ಷಿತ ಸ್ಮರಣೆಗಳು ಮರುಕಳಿಸುತ್ತಿವೆಯೇ' ಎಂದು ಹಳ್ಳದಕೇರಿಯ ಅಜ್ಜಿಯನ್ನು ಕೇಳುವವನಿಗೆ ಉತ್ತರ ಸಿಗದು. 'ಅವ್ವಾ, ಬ್ಯಾಡ ಅಂದ್ರೂ ಆವತ್ತಿಂದೇ ನೆಪ್ಪಾಯ್ತದಾ?' ಎಂದರೆ ಆಕೆ ಕುಳಿತುಕೊಳ್ಳಲು ಹೇಳುತ್ತಾಳೆ. ಆದರೆ ಪದ ಬದಲಾದಾಗ ಅರ್ಥ ಬದಲಾಗಬಾರದು. ಆದುದರಿಂದ ಕನ್ನಡದಲ್ಲೂ ದಕ್ಕನಿಯಲ್ಲೂ ಮಾತುಗಳನ್ನು ಮೊದಲೇ ನಿಗದಿಪಡಿಸಿ, ಮನೋವೈದ್ಯರೊಬ್ಬರಿಗೆ ತೋರಿಸಿ, ಎಲ್ಲರೂ ಅದನ್ನೇ ಕೇಳಬೇಕು. ಒಬ್ಬೊಬ್ಬರು ಒಂದೊಂದು ರೀತಿ ಕೇಳಿದರೆ ಜರಡಿಯ ಕಣ್ಣೇ ಬೇರೆಬೇರೆಯಾದೀತು. ಈ ಪ್ರಶ್ನೆಗಳು ವಯಸ್ಕರಿಗೆ ಮಾತ್ರ. ಮಕ್ಕಳ ವಿಷಯದಲ್ಲಿ ಶಿಕ್ಷಕರ ಕಣ್ಣೇ ಜರಡಿ: ಚುರುಕಾಗಿದ್ದ ಹುಡುಗ ಮಂಕಾಗಿದ್ದಾನೆಯೇ, ಅದೇ ಘಟನೆಯನ್ನು ಆಟದಲ್ಲಿ ಮತ್ತೆ ಮತ್ತೆ ಆಡುತ್ತಾನೆಯೇ, ಶಾಲೆಗೆ ಬರಲು ಹಟ ಮಾಡುತ್ತಾನೆಯೇ?

ಯಾವಾಗ ಕೇಳಬೇಕು? ನೆರೆಯ ಮರುದಿನವಲ್ಲ. ಗಂಜಿ ಕೇಂದ್ರದ ಸಾಲಿನಲ್ಲಂತೂ ಖಂಡಿತ ಅಲ್ಲ. ಅಲ್ಲಿ ಬೇಕಾದುದು ಒಣಬಟ್ಟೆ, ಬಿಸಿ ಊಟ, ಕಾಣೆಯಾದವರ ಸುದ್ದಿ. ಅಂದೇ ಎಲ್ಲರನ್ನೂ ಕೂರಿಸಿ 'ನಡೆದುದನ್ನೆಲ್ಲ ಹೇಳಿ ಹಗುರಾಗಿ' ಎಂದು ಒತ್ತಾಯಿಸುವ ಪದ್ಧತಿ ಒಂದು ಕಾಲದಲ್ಲಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ ಅದು ಕೂಡದೆಂದಿದೆ. ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆ ಡಯಜೆಪಾಂ ಜಾತಿಯ ನಿದ್ರೆ ಮಾತ್ರೆಗಳನ್ನು ಕೊಡುವುದೂ ಸಲ್ಲದೆಂದಿದೆ. ಒಂದು ತಿಂಗಳು ಕಳೆದ ಮೇಲೆ, ಪಾತ್ರೆಪಗಡ ಕೊಟ್ಟವರೆಲ್ಲ ಮರಳಿಹೋದ ಮೇಲೆ, ಮನೆಗೆ ಹೋಗಿ ಕೇಳಬೇಕು. ಪರಿಹಾರಧನಕ್ಕೂ ಈ ಉತ್ತರಗಳಿಗೂ ಯಾವ ಸಂಬಂಧವೂ ಇಲ್ಲವೆಂದು ಮೊದಲೇ ಸ್ಪಷ್ಟಪಡಿಸಬೇಕು. ಇಲ್ಲವಾದರೆ ಕೆಲವರು ಹಣಕ್ಕಾಗಿ 'ಹೌದು' ಎಂದಾರು, ಮಗಳ ಮದುವೆ ಎದುರಿಗಿರುವವರು ಹೆದರಿ 'ಇಲ್ಲ' ಎಂದಾರು. ಉತ್ತರಿಸದಿರುವ ಹಕ್ಕು ಅವರದು.

ಮನುಷ್ಯರೇ ಮಾಡಿದ ಹಿಂಸೆಯ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಈ ನಂಜನಗೂಡು ತಾಲೂಕಿನ ಬದನವಾಳಿನಲ್ಲಿ 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಹತ್ಯೆಯಾಯಿತು. ನದಿಯಿಂದ ಬಂದ ಭಯಕ್ಕಿಂತ ನೆರೆಯವನಿಂದ ಬಂದ ಭಯ ಆಳವಾಗಿ ನಾಟುತ್ತದೆ. ಏಕೆಂದರೆ ಮರುದಿನವೂ ಅದೇ ಬೀದಿಯಲ್ಲಿ ನಡೆಯಬೇಕು. ಅಲ್ಲಿ 'ನಡೆದುದಕ್ಕೆ ಇತರರನ್ನು ದೂರುತ್ತೀರಾ' ಎಂಬ ಐದನೆಯ ಪ್ರಶ್ನೆಗೆ ಬರುವ 'ಹೌದು' ನ್ಯಾಯದ ಬೇಡಿಕೆಯೂ ಆಗಿರಬಹುದು. ಅದನ್ನು ರೋಗಲಕ್ಷಣವೆಂದು ಬರೆದು ಕೈತೊಳೆದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಇನ್ನು ಆ 'ಹೌದು' ಹೋಗಬೇಕಾದ ದಾರಿ. 1984ರ ಭೋಪಾಲ ದುರಂತದ ನಂತರ ನಿಮ್ಹಾನ್ಸ್‌ನ ತಜ್ಞರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ನೀಡಿದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ದುರಂತಗಳಲ್ಲಿ ಮಾನಸಿಕ ಆರೈಕೆಗೆಂದೇ 2009ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಾಗದದಲ್ಲಿ ನಮಗೆ ಕೊರತೆಯಿಲ್ಲ. ನೆರೆ ಪರಿಹಾರದ ಯೋಜನೆಯಲ್ಲಿ, ಒಂದು ತಿಂಗಳ ನಂತರದ ಮನೆಭೇಟಿಯನ್ನು ಸೇರಿಸಿ ಎಂದು ತಹಶೀಲ್ದಾರರಿಗೂ ತಾಲೂಕು ಆರೋಗ್ಯಾಧಿಕಾರಿಗೂ ನಾವು ಲಿಖಿತವಾಗಿ ಕೇಳಬೇಕು. ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಗೌರವಧನವಿಲ್ಲದ ಇನ್ನೊಂದು ಹೊರೆಯಾಗಿ ಅದು ಬೀಳಬಾರದು ಎಂಬುದನ್ನೂ ಸೇರಿಸಿ ಬರೆಯಬೇಕು.

ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಏರ್ಪಾಡನ್ನು ರಾಜ್ಯ ಸರಕಾರ ಮಾಡಿದೆ. ವೈದ್ಯರು ಆ ವಾರ ಬರುತ್ತಾರೆಯೇ ಎಂದು ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿದುಕೊಳ್ಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತನಾಡಬಹುದು. ಸಾಯುವ ಮಾತನ್ನಾಡುವವರಿದ್ದರೆ ಮಂಗಳವಾರದವರೆಗೆ ಕಾಯಬಾರದು, ಅಂಕ ಎಣಿಸುತ್ತಲೂ ಕೂರಬಾರದು. ಅಂದೇ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು, ಒಂಟಿಯಾಗಿ ಬಿಡಬಾರದು. ಈ ಕಾಯಿಲೆಗೆ ಮದ್ದಿದೆ. ಆ ನೆನಪನ್ನು ಕ್ರಮವಾಗಿ, ಸುರಕ್ಷಿತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಗಳು ಪರಿಣಾಮಕಾರಿಯೆಂದು ಸಿದ್ಧವಾಗಿವೆ. ಆದರೆ ಅದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೋಗಿಬರಬೇಕು. ಅಂದರೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು.

ಆದುದರಿಂದ ಪ್ರಶ್ನೆ ಕೇಳಲು ಹೊರಡುವ ಮೊದಲು ಎರಡು ವಿಷಯಗಳು ತೀರ್ಮಾನವಾಗಲಿ. ಹೆಸರು ಬರೆದ ಪುಸ್ತಕ ಒಬ್ಬರ ಬಳಿ, ಬೀಗದ ಪೆಟ್ಟಿಗೆಯಲ್ಲಿರಬೇಕು. ಮಸೀದಿ ಕಮಿಟಿಯ ಮೇಜಿನ ಮೇಲೂ ಅಲ್ಲ, ಪಂಚಾಯಿತಿ ಕಚೇರಿಯಲ್ಲೂ ಅಲ್ಲ, ಯಾರ ಮೊಬೈಲ್ ಫೋಟೋದಲ್ಲೂ ಅಲ್ಲ. ಎರಡನೆಯದು, 'ಹೌದು' ಎಂದವರ ಜೊತೆ ಮಂಗಳವಾರ ಆಸ್ಪತ್ರೆಗೆ ಹೋಗುವವರು ಯಾರು? ಪ್ರತಿ ಬಡಾವಣೆಗೆ, ಪ್ರತಿ ಹಳ್ಳಿಗೆ ಇಬ್ಬರಂತೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಚಹಾ ಮುಗಿಸಿ ಎಲ್ಲರೂ ಮತ್ತೆ ಒಳಗೆ ಬನ್ನಿ, ಆ ಹೆಸರುಗಳನ್ನು ಇಂದೇ ಬರೆದುಕೊಳ್ಳೋಣ.